ಕ್ಯೂಪಿಆರ್‌ಸಿಫೀಟ್ ಹೇಳುದು ಒಂದು, ಸ್ಟಿಕ್ಕರ್ ಹೇಳುದು ಇನ್ನೊಂದು: ಲೈಸೆನ್ಸ್ ಫಾರ್ಮಲ್ಲಿ ಎಂತ ಬರಿಯುದು?

ಬೈಕಂಪಾಡಿ ಆಪರೇಟರ್
ಸೋಮವಾರ, ರಾತ್ರಿ 9:40

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ. ನಾನು ಬೈಕಂಪಾಡಿಯಲ್ಲಿ ಗೇರುಬೀಜ ಎಕ್ಸ್‌ಪೋರ್ಟ್ ಮಾಡುವ ಒಂದು ಕಂಪೆನಿಯಲ್ಲಿ ಸಿಸ್ಟಮ್ ನೋಡಿಕೊಳ್ಳುದು. ಖರೀದಿ, ಗ್ರೇಡಿಂಗ್, ಸಂಬಳ, ಇನ್‌ವಾಯ್ಸ್ ಎಲ್ಲ ಐಬಿಎಂ ಐ ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆಯೇ ಓಡುದು, ನಾನು ಸೇರುವ ಮೊದಲಿಂದಲೂ ಹಾಗೆಯೇ. ಇಷ್ಟು ವರ್ಷ ಇದ್ದದ್ದು ಐಬಿಎಂನ ಪವರ್ 520 ಸರ್ವರ್, ಟೈಪ್ 8203, ಮಾಡೆಲ್ ಇ4ಎ, ಒಂದೇ ಕೋರ್. ಸಿಡಿಲು ಮಳೆ ಶುರುವಾದ ಮೇಲೆ ಅದರ ಪವರ್ ಸಪ್ಲೈ ಎರಡು ಸಲ ಹೋಯ್ತು, ಇನ್ನು ಇದನ್ನು ನಂಬಿ ಕೂತ್ರೆ ಆಗುದಿಲ್ಲ ಅಂತ ಧಣಿಗಳೇ ಹೇಳಿ ಸೆಕೆಂಡ್ ಹ್ಯಾಂಡ್ ಎಸ್914 ತೆಗೆದ್ರು, 9009-41ಎ. ಶನಿವಾರ ರಾತ್ರಿ ಕೂತು ಡೇಟಾ ಎಲ್ಲ ರಿಸ್ಟೋರ್ ಮಾಡಿ ಆಯ್ತು, ಪ್ರೋಗ್ರಾಮ್‌ಗಳು ಓಡ್ತವೆ, ಅದರಲ್ಲಿ ತೊಂದರೆ ಇಲ್ಲ.

ತೊಂದರೆ ಇರುದು ಇನ್‌ವಾಯ್ಸ್‌ನ ಸ್ಪೂಲ್ ಫೈಲನ್ನು (ಪ್ರಿಂಟಿಗೆ ಹೋಗುವ ಫೈಲ್) ಪಿಡಿಎಫ್ ಮಾಡುವ ಒಂದು ಹೊರಗಿನ ಸಾಫ್ಟ್‌ವೇರಿಂದು. ಅದರ ಲೈಸೆನ್ಸ್ ಕೀ ಮೆಷಿನ್‌ಗೆ ಕಟ್ಟಿದ್ದು. ಹೊಸ ಕೀಗೆ ಫಾರ್ಮ್ ಕಳಿಸಿದ್ರು, ಅದರಲ್ಲಿ ಮಾಡೆಲ್, ಪ್ರೊಸೆಸರ್ ಫೀಚರ್, ಸೀರಿಯಲ್, ಸಾಫ್ಟ್‌ವೇರ್ ಗ್ರೂಪ್ ಅಂತ ನಾಲ್ಕು ಕಾಲಂ. ಗ್ರೂಪ್ ಅಂದ್ರೆ ಮೆಷಿನ್ ಎಷ್ಟು ದೊಡ್ಡದು ಅಂತ ನೋಡಿ ಲೈಸೆನ್ಸಿಗೆ ಬೆಲೆ ಹಾಕುವ ದರ್ಜೆ, ಪಿ05, ಪಿ10 ಹೀಗೆ. ಈಗ ನನ್ನ ಹತ್ರ ಮೂರು ನಂಬರ್ ಉಂಟು. ಮುಂದಿನ ಸ್ಟಿಕ್ಕರಲ್ಲಿ 9009-41ಎ. ಇಂಜಿನಿಯರ್ ಪ್ರೊಸೆಸರ್ ಕಾರ್ಡ್ ಮೇಲಿಂದ ಓದಿ ಬರೆದುಕೊಟ್ಟ ಒಂದು ನಾಲ್ಕಕ್ಷರದ ಕೋಡ್. ಡಿಎಸ್‌ಪಿಸಿಸ್‌ವಾಲ್ ಕೊಟ್ಟು ಕ್ಯೂಪಿಆರ್‌ಸಿಫೀಟ್ (ಪ್ರೊಸೆಸರ್ ಫೀಚರ್ ಹೇಳುವ ಸಿಸ್ಟಮ್ ವ್ಯಾಲ್ಯೂ) ನೋಡಿದ್ರೆ ಇಪಿ10. ನಾನು ಇಪಿ10 ಅಂತ ಫೋನಲ್ಲಿ ಹೇಳಿದೆ. ಅವರು ಒಂದು ಟೆಂಪರರಿ ಕೀ ಕಳಿಸಿದ್ರು, ಹಾಕಿದ್ರೆ ಇನ್‌ವ್ಯಾಲಿಡ್ ಅಂತ ಬಂತು. ಅದರ ಜೊತೆಗೆ ಕೊಟೇಶನ್ ಬೇರೆ ಬಂತು, ನೀವು ಪಿ05ರಿಂದ ಪಿ10 ಗ್ರೂಪ್‌ಗೆ ಹೋಗಿದ್ದೀರಿ, ಅಪ್‌ಗ್ರೇಡ್ ಫೀ ಕೊಡ್ಬೇಕು ಅಂತ. ಮೊತ್ತ ನೋಡಿದ್ರೆ ಮೆಷಿನ್‌ಗೆ ಕೊಟ್ಟದ್ದರ ಹತ್ರ ಹತ್ರ ಬರ್ತದೆ. ಗುರುವಾರ ಪಣಂಬೂರಿಗೆ ಎರಡು ಕಂಟೇನರ್ ಹೋಗ್ಲಿಕ್ಕೆ ಉಂಟು, ಡಾಕ್ಯುಮೆಂಟ್ ಎಲ್ಲ ಈ ಪಿಡಿಎಫ್ ಮೇಲೆಯೇ ನಿಂತಿರುದು. ಯಾವ ನಂಬರ್ ಸರಿ ಅಂತ ಯಾರಾದ್ರೂ ಹೇಳ್ತೀರಾ?

ಹೊಯ್ಗೆಬಜಾರ್ 5250
ಸೋಮವಾರ, ರಾತ್ರಿ 10:15

ಅಣ್ಣ ಇಪಿ10 ಅಂತಲೇ ಬರ್ತಿದ್ರೆ ಅದು ಪಿ10 ಗ್ರೂಪೇ ಅಲ್ವಾ? ಕೊನೆಗೆ ಪಿ10 ಅಂತ ಅದರಲ್ಲಿಯೇ ಉಂಟಲ್ಲ. ನಮ್ಮಲ್ಲಿ ಇರುದು ಹಳೆ 520, ಅದರಲ್ಲಿ 5633 ಅಂತ ಬರ್ತದೆ, ಅದರಿಂದ ಎಂತದ್ದೂ ಅರ್ಥ ಆಗುದಿಲ್ಲ, ಇದರಲ್ಲಿ ಆದ್ರೂ ಗೊತ್ತಾಗ್ತದೆ ಅಂತ ನನಗೆ ಅನ್ನಿಸಿದ್ದು.

ಮಣಿಪಾಲದ ಹಳೆ ಕನ್ಸೋಲ್
ಸೋಮವಾರ, ರಾತ್ರಿ 11:05

ಅಲ್ಲ ಅಲ್ಲ, ಇಲ್ಲಿಯೇ ಎಲ್ರೂ ಬೀಳುದು. ಇಪಿ10ರಲ್ಲಿ ಇರುವ ಪಿ10ಕ್ಕೂ ಸಾಫ್ಟ್‌ವೇರ್ ಗ್ರೂಪ್ ಪಿ10ಕ್ಕೂ ಎಂತ ಸಂಬಂಧವೂ ಇಲ್ಲ. ಎಸ್914ರಲ್ಲಿ ಪ್ರೊಸೆಸರ್ ಫೀಚರ್ ಮೂರು ಉಂಟು: ಇಪಿ10 ಅಂದ್ರೆ 4 ಕೋರಿನ ಕಾರ್ಡು, ಇಪಿ11 ಅಂದ್ರೆ 6 ಕೋರು, ಇಪಿ12 ಅಂದ್ರೆ 8 ಕೋರು. ಇದರಲ್ಲಿ 4 ಕೋರಿಂದು ಮಾತ್ರ ಪಿ05, ಉಳಿದ ಎರಡೂ ಪಿ10. ಅಂದ್ರೆ ಹೆಸರಲ್ಲಿ ಪಿ10 ಇರುದೇ ಪಿ05, ಹೆಸರಲ್ಲಿ ಇಲ್ಲದ್ದು ಪಿ10. ನಿಮ್ಮದು ಇಪಿ10 ಹೌದಾದ್ರೆ ನೀವು ಪಿ05ರಿಂದ ಪಿ05ಕ್ಕೇ ಹೋದದ್ದು, ಗ್ರೂಪ್ ಅಪ್‌ಗ್ರೇಡ್ ಅನ್ನುದೇ ಇಲ್ಲಿ ಇಲ್ಲ. ನಿಮ್ಮ ಹಳೆ ಇ4ಎಯ 5633 ಒಂದು ಕೋರಿಂದು, ಅದೂ ಪಿ05ವೇ, ಅದೇ ಇ4ಎಯಲ್ಲಿ 5634 ಎರಡು ಕೋರು, 5635 ನಾಲ್ಕು ಕೋರು, ಅವು ಪಿ10.

ಫೀಚರ್ ಕೋಡನ್ನು ಅರ್ಥ ಮಾಡ್ಲಿಕ್ಕೆ ಹೋಗ್ಬೇಡಿ, ಅದು ಬರೇ ಹೆಸರು. ನಿಮ್ಮ ಗೇರುಬೀಜದಲ್ಲಿ ಡಬ್ಲ್ಯು320 ಅಂದ್ರೆ ಪೌಂಡಿಗೆ ಎಷ್ಟು ಬೀಜ ಅನ್ನುದು ಆ ನಂಬರಲ್ಲಿಯೇ ಕೂತಿರ್ತದೆ, ಇದು ಹಾಗಲ್ಲ. ಇದು ಮಂಗಳೂರಿನ ಸಿಟಿ ಬಸ್ಸಿನ ರೂಟ್ ನಂಬರ್ ಇದ್ದ ಹಾಗೆ, ಅದು ಎಲ್ಲಿಗೆ ಹೋಗ್ತದೆ ಅಂತ ಪಟ್ಟಿ ನೋಡಿಯೇ ತಿಳಿಬೇಕು, ನಂಬರ್ ದೊಡ್ಡದಾದ್ರೆ ದೂರ ಅಂತ ಅರ್ಥ ಇಲ್ಲ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಗ್ರೂಪ್ ಯಾವುದು ಅಂತ ಫೀಚರಿಂದ ಊಹೆ ಮಾಡುದಲ್ಲ, ಮೆಷಿನ್‌ನ್ನೇ ಕೇಳಿ. ವರ್ಕ್ ಲೈಸೆನ್ಸ್ ಇನ್ಫರ್ಮೇಶನ್ ಕಮಾಂಡ್ ಉಂಟಲ್ಲ, ಡಬ್ಲ್ಯುಆರ್‌ಕೆ ಎಲ್‌ಐಸಿ ಐಎನ್‌ಎಫ್, ಅದನ್ನು ಕೊಟ್ರೆ ಸ್ಕ್ರೀನಿನ ಮೇಲ್ಗಡೆಯೇ ಸೀರಿಯಲ್ ನಂಬರ್ ಮತ್ತು ಪ್ರೊಸೆಸರ್ ಗ್ರೂಪ್ ತೋರಿಸ್ತದೆ. ಅದರ ಫೋಟೋ ತೆಗೆದು ಆ ಕಂಪೆನಿಗೆ ಕಳಿಸಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕದ್ರಿ ಸಿಎಲ್
ಮಂಗಳವಾರ, ಬೆಳಿಗ್ಗೆ 7:20

ಸರ್ ಹೇಳಿದ್ದು ಸರಿ. ನಾನು ಇನ್ನೊಂದು ಸೇರಿಸ್ತೇನೆ, ಮೂರು ನಂಬರ್ ಯಾಕೆ ಬರ್ತದೆ ಅಂತ. ಆರ್ಡರ್ ಮಾಡುವಾಗ ಬಿಲ್ಲಲ್ಲಿ ಬರುದು ಫೀಚರ್ ಕೋಡ್. ಕಾರ್ಡ್ ಮೇಲೆ ಅಚ್ಚಾಗಿರುದು ಸಿಸಿಐಎನ್, ಅದು ಆ ಕಾರ್ಡಿನ ಗುರುತು, ಇಂಜಿನಿಯರಿಗೆ ಬದಲಿ ಪಾರ್ಟ್ ತರ್ಲಿಕ್ಕೆ ಬೇಕಾಗುದು, ಅದು ಫೀಚರ್ ಕೋಡಿನ ಹಾಗೆಯೇ ನಾಲ್ಕಕ್ಷರ ಇರ್ತದೆ, ಆದ್ರೆ ಎರಡೂ ಬೇರೆ ಬೇರೆ. ಮೂರನೆಯದ್ದು ಸಿಸ್ಟಮ್ ವ್ಯಾಲ್ಯೂ, ಓಎಸ್ ತನ್ನ ಮೆಷಿನ್ ಬಗ್ಗೆ ತಾನೇ ಹೇಳುದು. ಲೈಸೆನ್ಸ್ ಪ್ರೋಗ್ರಾಮ್ ಚೆಕ್ ಮಾಡುವಾಗ ಬಿಲ್ಲೂ ನೋಡುದಿಲ್ಲ, ಸ್ಟಿಕ್ಕರೂ ನೋಡುದಿಲ್ಲ, ಸಿಸ್ಟಮ್ ವ್ಯಾಲ್ಯೂ ಓದುದು. ಹಾಗಾಗಿ ಫಾರ್ಮಲ್ಲಿ ಯಾವಾಗ್ಲೂ ಅದನ್ನೇ ಬರಿಬೇಕು.

ಮಾಡೆಲ್ ಕಾಲಮಲ್ಲೂ ಜಾಗ್ರತೆ. ಕ್ಯೂಮಾಡೆಲ್ ಕೊಟ್ರೆ ನಿಮಗೆ ಬರುದು ಬರೇ 41ಎ, ಮೆಷಿನ್ ಟೈಪ್ ಅದರಲ್ಲಿ ಬರುದಿಲ್ಲ. 2014ರ ಎಸ್814 ಕೂಡ 41ಎಯೇ, ಅದು 8286-41ಎ. ನಿಮ್ಮ ಎಸ್914 2018ರದ್ದು, 9009-41ಎ. ಬರೇ 41ಎ ಅಂತ ಬರೆದ್ರೆ ಆಚೆ ಕಡೆ ಇರುವವರು ಯಾವ ಪಟ್ಟಿ ತೆಗೆದು ನೋಡ್ತಾರೆ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಎಸ್814ರ ಪಟ್ಟಿಯಲ್ಲಿ ಇರುದು ಇಪಿಎಕ್ಸ್‌ಕೆ, ಇಪಿಎಕ್ಸ್0, ಇಪಿಎಕ್ಸ್6, ಅದರಲ್ಲಿ ಇಪಿ10 ಸಿಗುದೇ ಇಲ್ಲ, ಸಿಗದೆ ಇದ್ದಾಗ ಅಂದಾಜಿಗೆ ಪಿ10 ಅಂತ ಹಾಕಿದ್ರೂ ಹಾಕಿರಬಹುದು. ಟೈಪ್ ಮತ್ತು ಮಾಡೆಲ್ ಎರಡೂ ಒಟ್ಟಿಗೆ ಬೇಕಾದ್ರೆ ಎಸ್‌ಕ್ಯೂಎಲ್ ಇಂದ ಕ್ಯೂಸಿಸ್2 ಲೈಬ್ರರಿಯ ಸಿಸ್ಟಮ್ ಸ್ಟೇಟಸ್ ಇನ್ಫೋ ನೋಡಿ, ಇಲ್ಲಾಂದ್ರೆ ಸ್ಟಿಕ್ಕರಿಂದ ಟೈಪ್ ತೆಗೊಳ್ಳಿ, ಸ್ಟಿಕ್ಕರ್ ಅಷ್ಟಕ್ಕೆ ಸಾಕು.

ಇನ್ನು ಕೀ ಇನ್‌ವ್ಯಾಲಿಡ್ ಆದದ್ದು. ಫೋನಲ್ಲಿ ಹೇಳಿದ್ದು ಅಂತ ಬರೆದಿದ್ದೀರಿ. ನೀವು ಇ ಪಿ ಒನ್ ಓ ಅಂತ ಹೇಳಿದ್ರಾ, ಝೀರೋ ಅಂತ ಹೇಳಿದ್ರಾ?

ಬೈಕಂಪಾಡಿ ಆಪರೇಟರ್
ಮಂಗಳವಾರ, ಬೆಳಿಗ್ಗೆ 9:50

ಕದ್ರಿ ಅಕ್ಕ, ನೀವು ಕೇಳಿದ ಪ್ರಶ್ನೆ ಓದಿ ನನಗೆ ಒಂದು ಸಲ ಮೈ ಜುಂ ಅಂತು. ನಾನು ಒನ್ ಓ ಅಂತಲೇ ಹೇಳಿದ್ದು. ನಾವು ಲಾಟ್ ನಂಬರ್ ಹೇಳುವಾಗ ಯಾವಾಗ್ಲೂ ಸೊನ್ನೆಗೆ ಓ ಅಂತಲೇ ಹೇಳುದು, ಬಾಯಿಗೆ ಹಾಗೆಯೇ ಬರ್ತದೆ. ಅವರು ಕಳಿಸಿದ ಮೇಲ್ ಈಗ ತೆಗೆದು ನೋಡಿದೆ, ಕೀ ಕೆಳಗೆ ಅವರು ತೆಗೊಂಡ ವಿವರ ಟೈಪ್ ಮಾಡಿದ್ದಾರೆ, ಅದರಲ್ಲಿ ಕೊನೆ ಅಕ್ಷರ ಸೊನ್ನೆ ಅಲ್ಲ, ಓ. ದೊಡ್ಡ ಮಾಡಿ ನೋಡಿದ ಮೇಲೆಯೇ ಗೊತ್ತಾದದ್ದು. ಸೀರಿಯಲಲ್ಲೂ ಮಧ್ಯ ಒಂದು ಗೆರೆ ಹಾಕಿದ್ದಾರೆ, ನಮ್ಮ ಹಳೆ ಬಿಲ್ಲಲ್ಲಿ ಇದ್ದ ಹಾಗೆ.

ಮಣಿಪಾಲದ ಸರ್, ಲೈಸೆನ್ಸ್ ಸ್ಕ್ರೀನಲ್ಲಿ ಪ್ರೊಸೆಸರ್ ಗ್ರೂಪ್ ಪಿ05 ಅಂತಲೇ ಉಂಟು. ಫೋಟೋ ತೆಗೆದು ಕಳಿಸಿದ್ದೇನೆ.

ಕದ್ರಿ ಸಿಎಲ್
ಮಂಗಳವಾರ, ಬೆಳಿಗ್ಗೆ 10:30

ಹಾಗಾದ್ರೆ ಕೀ ಕೆಲಸ ಮಾಡದ್ದು ಅದಕ್ಕೇ. ಕ್ಯೂಎಸ್‌ಆರ್‌ಎಲ್‌ಎನ್‌ಬಿಆರ್ ಕೊಡುವ ಸೀರಿಯಲಲ್ಲಿ ಗೆರೆ ಇಲ್ಲ, ಅದನ್ನು ಇದ್ದ ಹಾಗೆ ಕಾಪಿ ಮಾಡ್ಬೇಕು. ಇನ್ನು ಮುಂದೆ ಬಾಯಿಯಲ್ಲಿ ಹೇಳ್ಬೇಡಿ, ಬರೆದೂ ಕೊಡ್ಬೇಡಿ. ಸಣ್ಣ ಒಂದು ಸಿಎಲ್ (ಐಬಿಎಂ ಐಯ ಕಮಾಂಡ್ ಭಾಷೆ) ಪ್ರೋಗ್ರಾಮ್ ಬರೆದು ಇಟ್ಟುಕೊಳ್ಳಿ, ಮೂರು ವೇರಿಯೇಬಲ್ ಡಿಕ್ಲೇರ್ ಮಾಡಿ, ಮಾಡೆಲ್‌ಗೆ ಕ್ಯಾರೆಕ್ಟರ್ 4, ಫೀಚರ್‌ಗೆ ಕ್ಯಾರೆಕ್ಟರ್ 4, ಸೀರಿಯಲ್‌ಗೆ ಕ್ಯಾರೆಕ್ಟರ್ 8, ಆಮೇಲೆ ಆರ್‌ಟಿವಿಸಿಸ್‌ವಾಲ್ ಕಮಾಂಡನ್ನು ಮೂರು ಸಲ ಕೊಟ್ಟು ವ್ಯಾಲ್ಯೂ ಓದಿ ಮೂರನ್ನೂ ಒಂದು ಮೆಸೇಜ್ ಮಾಡಿ ನಿಮ್ಮ ಕ್ಯೂಗೆ ಕಳಿಸುದು, ಅಷ್ಟೇ. ಮೆಸೇಜಿಂದ ಕಾಪಿ ಮಾಡಿ ಮೇಲಲ್ಲಿ ಪೇಸ್ಟ್ ಮಾಡಿದ್ರೆ ಓ ಮತ್ತು ಸೊನ್ನೆ ತಪ್ಪುದಿಲ್ಲ. ನಾನು ನಮ್ಮಲ್ಲಿ ಅದನ್ನು ಪ್ರತಿ ಐಪಿಎಲ್ (ಮೆಷಿನ್ ಪುನಃ ಸ್ಟಾರ್ಟ್) ಆದಾಗ ಓಡುವ ಹಾಗೆ ಮಾಡಿದ್ದೇನೆ, ಯಾರಾದ್ರೂ ಬೋರ್ಡ್ ಬದಲು ಮಾಡಿ ಹೋದ್ರೆ ಮರುದಿನವೇ ಗೊತ್ತಾಗ್ತದೆ.

ಐಬಿಎಂನವರದ್ದೇ ಕೀ ಆದ್ರೆ ಈ ಓ ಸಮಸ್ಯೆ ಇಲ್ಲ. ಎಡಿಡಿ ಲಿಕ್ ಕೀ ಕಮಾಂಡಲ್ಲಿ ಆರಾರು ಅಕ್ಷರದ ಮೂರು ಭಾಗ ಹಾಕ್ಲಿಕ್ಕೆ ಇರುದು, ಒಟ್ಟು 18, ಅದು ಹೆಕ್ಸಾಡೆಸಿಮಲ್, 0ರಿಂದ 9 ಮತ್ತು ಎಯಿಂದ ಎಫ್ ವರೆಗೆ ಮಾತ್ರ. ಓ ಕಂಡ್ರೆ ಅದು ಸೊನ್ನೆಯೇ.

ಹೊಯ್ಗೆಬಜಾರ್ 5250
ಮಂಗಳವಾರ, ಮಧ್ಯಾಹ್ನ 1:10

ಅಕ್ಕ ಒಂದು ದಡ್ಡ ಪ್ರಶ್ನೆ ಅಂತ ಅಂದ್ಕೊಳ್ಬೇಡಿ, ಸಿಸ್ಟಮ್ ವ್ಯಾಲ್ಯೂ ಅಲ್ವಾ, ಸಿಎಚ್‌ಜಿಸಿಸ್‌ವಾಲ್ ಕೊಟ್ಟು ಕ್ಯೂಪಿಆರ್‌ಸಿಫೀಟನ್ನು ಹಳೆ 5633 ಅಂತ ಮಾಡಿದ್ರೆ ಹಳೆ ಕೀಯೇ ಓಡುದಿಲ್ವಾ? ಮತ್ತೆ ಐಬಿಎಂ ಐಯದ್ದೇ ಲೈಸೆನ್ಸ್ ಕೀ ಹಾಕದಿದ್ರೆ ಮೆಷಿನ್ ನಿಂತು ಹೋಗ್ತದಾ?

ಮಣಿಪಾಲದ ಹಳೆ ಕನ್ಸೋಲ್
ಮಂಗಳವಾರ, ಸಂಜೆ 6:45

ಆಗುದಿಲ್ಲ ಮಾರಾಯ್ರೆ. ಕ್ಯೂಮಾಡೆಲ್, ಕ್ಯೂಪಿಆರ್‌ಸಿಫೀಟ್, ಕ್ಯೂಎಸ್‌ಆರ್‌ಎಲ್‌ಎನ್‌ಬಿಆರ್ ಈ ಮೂರೂ ನೋಡ್ಲಿಕ್ಕೆ ಮಾತ್ರ, ಸೆಕ್ಯುರಿಟಿ ಆಫೀಸರ್ ಆದ್ರೂ ಬದಲಿಸ್ಲಿಕ್ಕೆ ಬರುದಿಲ್ಲ. ಆದ್ರೂ ಆಗ್ಬಾರದು, ಕೀ ಅನ್ನುದರ ಅರ್ಥವೇ ಹೋಗ್ತದೆ. ಐಬಿಎಂ ಐ ವಿಷಯದಲ್ಲಿ ಹೆದರಿಕೆ ಬೇಡ, ಕೀ ಇಲ್ಲದೆ 70 ದಿನ ಗ್ರೇಸ್ ಪೀರಿಯಡ್ ಉಂಟು, ಅಷ್ಟರೊಳಗೆ ಹಾಕಿದ್ರೆ ಆಯ್ತು. ಹೊರಗಿನ ಸಾಫ್ಟ್‌ವೇರ್‌ನವರು ಗ್ರೇಸ್ ಕೊಡ್ಬೇಕು ಅಂತ ಇಲ್ಲ, ಅದಕ್ಕೇ ಮೆಷಿನ್ ಬದಲು ಮಾಡುವ ಹದಿನೈದು ದಿನ ಮೊದಲೇ ಅವರ ಹತ್ರ ಕೂತು ಮಾತಾಡ್ಬೇಕು.

ಕೇಳಿದ್ರಿ ಅಂತ ಹಳೆ ಕಥೆ ಒಂದು ಹೇಳ್ತೇನೆ, ಫೀಚರ್ ಕೋಡ್ ಎಷ್ಟು ಮುಖ್ಯ ಅಂತ ನಾನು ಕಲ್ತದ್ದು ಅಲ್ಲಿ. ಈ ಮೆಷಿನ್‌ಗಳ ಹಳೆ ತಲೆಮಾರು ಎಎಸ್/400 ಬಂದದ್ದು 1988ರ ಜೂನಲ್ಲಿ, ಮಿನೆಸೋಟಾದ ರೋಚೆಸ್ಟರಿಂದ. ಆಗಿನ ಸಣ್ಣ ಮಾಡೆಲ್ ಬಿ10, ಅದರ ಸಾಮರ್ಥ್ಯ ಸಿಪಿಡಬ್ಲ್ಯು ಲೆಕ್ಕದಲ್ಲಿ 2.9. ಸಿಪಿಡಬ್ಲ್ಯು ಅಂದ್ರೆ ಕಮರ್ಷಿಯಲ್ ಪ್ರೊಸೆಸಿಂಗ್ ವರ್ಕ್‌ಲೋಡ್, ಆಫೀಸಿನ ಲೆಕ್ಕದ ಕೆಲಸ ಎಷ್ಟು ಎಳಿತದೆ ಅಂತ ಅಳಿಯುವ ಅಳತೆ. ಬೈಕಂಪಾಡಿಯವರ ಹಳೆ 5633ರದ್ದು 4300, ಇಪ್ಪತ್ತು ವರ್ಷದಲ್ಲಿ ಅಷ್ಟು ವ್ಯತ್ಯಾಸ. 1995ರಲ್ಲಿ ರಿಸ್ಕ್ (ಆರ್‌ಐಎಸ್‌ಸಿ, ಹೊಸ ವಿನ್ಯಾಸದ) ಪ್ರೊಸೆಸರ್ ಬಂದಾಗ ನಮ್ಮ ಫೀಚರ್ ಪಟ್ಟಿ ಗೋಡೆ ಮೇಲೆ ಅಂಟಿಸಿದ್ದು, ಮಾಡೆಲ್ 400ಕ್ಕೆ 2130, 2131, 2132, 2133, ಮಾಡೆಲ್ 500ಕ್ಕೆ 2140, 2141, 2142, ಹೀಗೆ ಸಾಲಾಗಿ ಇತ್ತು. ಆಗ ನಂಬರ್ ನೋಡಿಯೇ ಯಾವ ಮನೆಯದ್ದು ಅಂತ ಹೇಳ್ಬಹುದಿತ್ತು.

ತೊಂದರೆ ಶುರುವಾದದ್ದು ಮಾಡೆಲ್ 170ರಲ್ಲಿ. ನಾನು ಆಗ ಕೆಲಸಕ್ಕೆ ಇದ್ದ ಕಡೆ ತೆಗೆದದ್ದು ಫೀಚರ್ 2289. ಅದರದ್ದು ಸಿಪಿಡಬ್ಲ್ಯು 50 ಅಂತ ಹೇಳಿ ಮಾರಿದ್ರು, ಹಳೆ ಮೆಷಿನಿಗಿಂತ ಎಷ್ಟೋ ಪಾಲು ಜಾಸ್ತಿ ಅಂತ ನಮಗೂ ಖುಷಿ. ಆದ್ರೆ ಆ 50 ಬ್ಯಾಚ್ ಕೆಲಸಕ್ಕೆ, ಹಸಿರು ಸ್ಕ್ರೀನಿನ, ಅಂದ್ರೆ ಟರ್ಮಿನಲಲ್ಲಿ ಕೂತು ಮಾಡುವ ಇಂಟರ್‌ಆ್ಯಕ್ಟಿವ್ ಕೆಲಸಕ್ಕೆ ಅದರಲ್ಲಿ ಇದ್ದದ್ದು 15 ಮಾತ್ರ. ನಮ್ಮದು ಇಡೀ ಸ್ಕ್ರೀನ್ ಕೆಲಸವೇ, ಕೌಂಟರಲ್ಲಿ ಜನ ನಿಂತಿರ್ತಾರೆ, ಸಾಯಂಕಾಲ ನಾಲ್ಕು ಗಂಟೆ ಆದ್ರೆ ಎಲ್ಲ ಟರ್ಮಿನಲ್ ಎಂಟರ್ ಒತ್ತಿದ್ರೆ ಅಲ್ಲಿಗೇ ನಿಲ್ಲುದು. ಡಿಸ್ಕ್ ನೋಡಿದೆವು, ಮೆಮೊರಿ ನೋಡಿದೆವು, ಟರ್ಮಿನಲಿನ ಟ್ವಿನ್ಯಾಕ್ಸ್ ಕೇಬಲ್ ಉಪ್ಪುಗಾಳಿಗೆ ತುಕ್ಕು ಹಿಡಿದಿದೆ ಅಂತ ಅದನ್ನೂ ಬದಲು ಮಾಡಿದೆವು. ಕೊನೆಗೆ ಒಬ್ಬರು ಬಂದು ಡಬ್ಲ್ಯುಆರ್‌ಕೆ ಸಿಸ್‌ಆ್ಯಕ್ಟ್ ಹಾಕಿ ತೋರಿಸಿದ್ರು, ಸಿಎಫ್‌ಐಎನ್‌ಟಿ ಅನ್ನುವ ಟಾಸ್ಕೇ ಸಿಪಿಯು ತಿಂತಾ ಕೂತಿತ್ತು. ಇಂಟರ್‌ಆ್ಯಕ್ಟಿವ್ ಮಿತಿ ದಾಟಿದ್ರೆ ಅದು ಎದ್ದು ಬರುದು. 2290 ತೆಗೆದಿದ್ರೆ 73ಕ್ಕೆ 20, 2291 ಆದ್ರೆ 115ಕ್ಕೆ 25, 2292 ಆದ್ರೆ 220ಕ್ಕೆ 30 ಇರ್ತಿತ್ತು. ನಾಲ್ಕೂ ಹೊರಗಿಂದ ನೋಡ್ಲಿಕ್ಕೆ ಒಂದೇ ಪೆಟ್ಟಿಗೆ, ಕ್ಯೂಮಾಡೆಲ್ ಕೇಳಿದ್ರೆ ನಾಲ್ಕಕ್ಕೂ 170 ಅಂತಲೇ ಹೇಳ್ತದೆ. ವ್ಯತ್ಯಾಸ ಇದ್ದದ್ದು ಕ್ಯೂಪಿಆರ್‌ಸಿಫೀಟಿನ ಆ ನಾಲ್ಕು ಅಂಕೆಯಲ್ಲಿ ಮಾತ್ರ. ಆರು ತಿಂಗಳು ಕೌಂಟರಲ್ಲಿ ಕೂತ ಹುಡುಗಿಯರು ಜನರ ಬೈಗಳು ತಿಂದ್ರು, ಅದು ನನಗೆ ಈಗಲೂ ಬೇಜಾರು.

1999ರಲ್ಲಿ ಬಂದ 720ರಲ್ಲಿ ಇಂಟರ್‌ಆ್ಯಕ್ಟಿವ್‌ಗೆ ಬೇರೆಯೇ ಫೀಚರ್ ಮಾಡಿದ್ರು, ಪ್ರೊಸೆಸರ್ 2061 ತೆಗೆದ್ರೆ 240, ಅದರ ಜೊತೆ ಬೇಸಲ್ಲಿ ಇಂಟರ್‌ಆ್ಯಕ್ಟಿವ್ 35, ಜಾಸ್ತಿ ಬೇಕಾದ್ರೆ ಇನ್ನೊಂದು ಫೀಚರ್ ಖರೀದಿ ಮಾಡ್ಬೇಕು. ಆಗಿಂದ ಈ ಗೊಂದಲ ಇನ್ನೂ ಜಾಸ್ತಿಯಾಯ್ತು, ಪ್ರೊಸೆಸರ್ ಫೀಚರ್ ಒಂದು, ಇಂಟರ್‌ಆ್ಯಕ್ಟಿವ್ ಫೀಚರ್ ಒಂದು, ಎರಡೂ ಸೇರಿ ಕ್ಯೂಪಿಆರ್‌ಸಿಫೀಟಲ್ಲಿ ಕಾಣುದು ಮತ್ತೊಂದು. ಬಿಲ್ಲಲ್ಲಿ ಇದ್ದದ್ದನ್ನು ಸ್ಕ್ರೀನಲ್ಲಿ ಹುಡುಕಿದ್ರೆ ಸಿಗುದಿಲ್ಲ. ಇನ್ನೂ ಆ ಕಾಲದ ಮೆಷಿನ್ ಓಡಿಸುವವರು ಯಾರಾದ್ರೂ ಇದ್ರೆ ಇದನ್ನು ನೆನಪಿಟ್ಟುಕೊಳ್ಳಿ.

ಮಲ್ಪೆ ಸ್ಪೂಲ್
ಮಂಗಳವಾರ, ರಾತ್ರಿ 8:30

ಮಣಿಪಾಲದ ಸರ್, ಓದಿ ತುಂಬ ಖುಷಿಯಾಯ್ತು, ಸಿಎಫ್‌ಐಎನ್‌ಟಿ ಕಾಟ ನಾವೂ ಅನುಭವಿಸಿದ್ದೇವೆ, ಮೀನಿನ ಸೀಸನಲ್ಲಿ ಐಸ್ ಪ್ಲಾಂಟಿನ ಬಿಲ್ಲಿಂಗ್ ಮಾಡುವಾಗ.

ಬೈಕಂಪಾಡಿಯವರಿಗೆ ಒಂದು ಮಾತು. ಇಪಿ10 ಅಂದ್ರೆ ಕಾರ್ಡಲ್ಲಿ 4 ಕೋರು ಉಂಟು ಅಂತ ಅಷ್ಟೇ, ನಾಲ್ಕೂ ನಿಮಗೆ ಓಡಿಸ್ಲಿಕ್ಕೆ ಹಕ್ಕು ಉಂಟು ಅಂತ ಅಲ್ಲ. ಎಷ್ಟು ಕೋರು ಆ್ಯಕ್ಟಿವೇಟ್ ಆಗಿದೆ ಅನ್ನುದು ಬೇರೆ, ಅದರಲ್ಲಿ ಎಷ್ಟಕ್ಕೆ ಐಬಿಎಂ ಐ ಲೈಸೆನ್ಸ್ ಉಂಟು ಅನ್ನುದು ಇನ್ನೂ ಬೇರೆ. ಸೆಕೆಂಡ್ ಹ್ಯಾಂಡಲ್ಲಿ ತೆಗೆದದ್ದು ಅಂತ ಹೇಳಿದ್ರಲ್ಲ, ಅದೇ ಲೈಸೆನ್ಸ್ ಸ್ಕ್ರೀನಲ್ಲಿ 5770ಎಸ್‌ಎಸ್1ರ (ಅದು ಐಬಿಎಂ ಐಯ ಪ್ರಾಡಕ್ಟ್ ನಂಬರ್) ಫೀಚರ್ 5051 ಎದುರು ಯೂಸೇಜ್ ಲಿಮಿಟ್ ನೋಡಿ, ಅದು ಕೋರಿನ ಲೆಕ್ಕ. 5052 ಯೂಸರಿನ ಲೆಕ್ಕ, ಪಿ05 ಮೆಷಿನಲ್ಲಿ ಯೂಸರ್ ಲೆಕ್ಕದಲ್ಲಿಯೂ ದುಡ್ಡು ಇರುದು. ಮಾರಿದವರು ನಾಲ್ಕು ಕೋರು ಅಂತ ಹೇಳಿ ಒಂದೇ ಕೋರಿನ ಲೈಸೆನ್ಸ್ ಕೊಟ್ಟು ಹೋದದ್ದು ನಾನು ಕಂಡಿದ್ದೇನೆ. ಇನ್ನೊಂದು, 4 ಕೋರಿನ ಎಸ್914ಕ್ಕೆ ಮೆಮೊರಿ 64 ಜಿಬಿ ಮೇಲೆ ಹಾಕ್ಲಿಕ್ಕೆ ಬರುದಿಲ್ಲ, ಪಿ05 ಬೆಲೆಗೆ ಅದು ಕಟ್ಟಿದ ಬೇಲಿ, ಮುಂದೆ ಮೆಮೊರಿ ಜಾಸ್ತಿ ಮಾಡುವ ಅಂತ ಯಾರಾದ್ರೂ ಹೇಳಿದ್ರೆ ಮೊದಲು ಇದನ್ನು ಹೇಳಿ.

ಬೈಕಂಪಾಡಿ ಆಪರೇಟರ್
ಬುಧವಾರ, ಮಧ್ಯಾಹ್ನ 12:20

ಎಲ್ರಿಗೂ ಮನಸಾರೆ ಥ್ಯಾಂಕ್ಸ್. ಕದ್ರಿ ಅಕ್ಕ ಹೇಳಿದ ಸಿಎಲ್ ಪ್ರೋಗ್ರಾಮ್ ಬರೆದೆ, ಮೆಸೇಜಿಂದ ಕಾಪಿ ಮಾಡಿ ಟೈಪ್ 9009 ಅಂತಲೂ ಸೇರಿಸಿ ಪಿ05ರ ಫೋಟೋ ಜೊತೆ ಪುನಃ ಕಳಿಸಿದೆ. ಬೆಳಿಗ್ಗೆ ಹತ್ತೂವರೆಗೆ ಹೊಸ ಕೀ ಬಂತು, ಹಾಕಿದ ಕೂಡ್ಲೇ ತೆಗೊಂಡಿತು, ಮೊದಲ ಇನ್‌ವಾಯ್ಸಿನ ಪಿಡಿಎಫ್ ಹೊರಗೆ ಬಂತು. ಅಪ್‌ಗ್ರೇಡ್ ಫೀ ಕೊಟೇಶನ್ ವಾಪಸ್ ತೆಗೊಂಡಿದ್ದಾರೆ, ಬರೇ ಟ್ರಾನ್ಸ್‌ಫರ್ ಚಾರ್ಜ್ ಹಾಕಿದ್ದಾರೆ, ಅದು ನ್ಯಾಯ. ಮಲ್ಪೆಯವರು ಹೇಳಿದ ಹಾಗೆ 5051 ನೋಡಿದೆ, ಲಿಮಿಟ್ 1 ಅಂತ ಉಂಟು, ನಮಗೆ ಒಂದೇ ಸಾಕು, ಆದ್ರೆ ಬಿಲ್ಲಲ್ಲಿ ಎಂತ ಬರೆದಿದ್ದಾರೆ ಅಂತ ಧಣಿಗಳ ಹತ್ರ ಕೂತು ನೋಡ್ಬೇಕು.

ಈಗ ಇನ್ನೊಂದು ಕಂಡಿತು. ಇನ್‌ವಾಯ್ಸಲ್ಲಿ ತಾರೀಕು ತಿರುಗಿ ಬರ್ತಾ ಉಂಟು, ತಿಂಗಳು ಮೊದಲು, ದಿನ ಆಮೇಲೆ. ಶಿಪ್ಪಿಂಗ್ ಬಿಲ್ಲಲ್ಲಿ ಹೀಗೆ ಹೋದ್ರೆ ಕಸ್ಟಮ್ಸಲ್ಲಿ ಕೂತುಬಿಡ್ತದೆ. ಇದೂ ಸಿಸ್ಟಮ್ ವ್ಯಾಲ್ಯೂವೇ ಅಲ್ವಾ?

ಕದ್ರಿ ಸಿಎಲ್
ಬುಧವಾರ, ಮಧ್ಯಾಹ್ನ 12:45

ಹೌದು, ಕ್ಯೂಡೇಟ್‌ಫಾರ್ಮ್ಯಾಟ್, ಕ್ಯೂಡಿಎಟಿಎಫ್‌ಎಂಟಿ. ಎಂಡಿವೈ (ತಿಂಗಳು, ದಿನ, ವರ್ಷ) ಅಂತ ಕೂತಿರ್ತದೆ, ಸಿಎಚ್‌ಜಿಸಿಸ್‌ವಾಲ್ ಕೊಟ್ಟು ಡಿಎಂವೈ ಮಾಡಿ. ಇದನ್ನು ಬದಲಿಸ್ಲಿಕ್ಕೆ ಬರ್ತದೆ. ಆದ್ರೆ ಬದಲಿಸಿದ ಮೇಲೆ ಶುರುವಾಗುವ ಜಾಬ್‌ಗೆ ಮಾತ್ರ ಅದು ಹಿಡಿಯುದು, ಈಗ ಓಡ್ತಾ ಇರುವ ಜಾಬ್ ಹಳೆಯದ್ದನ್ನೇ ಹಿಡಿದು ಕೂತಿರ್ತದೆ.

ಹಳೆ 520 ಇನ್ನೂ ಆನ್ ಆಗ್ತದಾ? ಆಗುದಾದ್ರೆ ಅದರಲ್ಲಿ ಡಬ್ಲ್ಯುಆರ್‌ಕೆಸಿಸ್‌ವಾಲ್ ಅನ್ನು ಪ್ರಿಂಟ್ ಔಟ್‌ಪುಟ್ ಕೊಟ್ಟು ಸಿಸ್ಟಮ್ ವ್ಯಾಲ್ಯೂಗಳ ಇಡೀ ಪಟ್ಟಿ ತೆಗೆಯಿರಿ, ಹೊಸದರಲ್ಲೂ ತೆಗೆಯಿರಿ, ಎರಡನ್ನೂ ಮೇಜಿನ ಮೇಲೆ ಇಟ್ಟು ಒಂದೊಂದೇ ಸಾಲು ಟಿಕ್ ಹಾಕಿ. ಟೈಮ್ ಜೋನ್ 5:30 ಉಂಟಾ, ಕ್ಯೂಸೆಕ್ಯುರಿಟಿ (ಸೆಕ್ಯುರಿಟಿ ಲೆವೆಲ್) ಎಷ್ಟು, ಕ್ಯೂಸಿಸಿಎಸ್‌ಐಡಿ (ಅಕ್ಷರಗಳ ಕೋಡ್ ಸೆಟ್) ಎಷ್ಟು, ಡಿಫಾಲ್ಟ್ ಪ್ರಿಂಟರ್ ಯಾವುದು, ಇವು ನಾಲ್ಕು ಮೊದಲು. ಕ್ಯೂಸೆಕ್ಯುರಿಟಿ ಬದಲು ಮಾಡಿದ್ರೆ ಮುಂದಿನ ಐಪಿಎಲ್ ಆದ ಮೇಲೆಯೇ ಅದು ಜಾರಿಗೆ ಬರುದು, ಅದನ್ನು ಶಿಪ್‌ಮೆಂಟ್ ಹೋಗುವ ಮೊದಲು ಮುಟ್ಟಬೇಡಿ.

ಮಣಿಪಾಲದ ಹಳೆ ಕನ್ಸೋಲ್
ಬುಧವಾರ, ಮಧ್ಯಾಹ್ನ 2:00

ಹಳೆ ಮೆಷಿನಲ್ಲಿ ಆರ್‌ಟಿವಿಸಿಸ್ಇನ್ಫ್ ಓಡಿಸಿ ಕ್ಯೂಅಪ್‌ಗ್ರೇಡ್ ಲೈಬ್ರರಿಗೆ ತೆಗೆದು, ಹೊಸದರಲ್ಲಿ ಯುಪಿಡಿಸಿಸ್ಇನ್ಫ್ ಕೊಡುವ ದಾರಿಯೂ ಉಂಟು, ಸಿಸ್ಟಮ್ ವ್ಯಾಲ್ಯೂಗಳನ್ನು ಅದು ದಾಟಿಸ್ತದೆ. ಆದ್ರೆ ನೀವು ಈಗಾಗ್ಲೇ ಮೆಷಿನ್ ಲೈವ್ ಬಿಟ್ಟಿದ್ದೀರಿ, ಈಗ ಇಡೀ ರಾಶಿ ಮೇಲಿಂದ ಹಾಕುದು ಬೇಡ. ಅಕ್ಕ ಹೇಳಿದ ಹಾಗೆ ಕೈಯಲ್ಲಿಯೇ ಟಿಕ್ ಹಾಕಿ.

ಬೈಕಂಪಾಡಿ ಆಪರೇಟರ್
ಗುರುವಾರ, ಸಂಜೆ 5:30

ಡಿಎಂವೈ ಮಾಡಿ ಎಲ್ರಿಗೂ ಸೈನ್ ಆಫ್ ಆಗಿ ಪುನಃ ಬನ್ನಿ ಅಂತ ಹೇಳಿದೆ, ಸರಿಯಾಯ್ತು. ಗ್ರೇಡಿಂಗ್ ಹಾಲಲ್ಲಿ ರಾತ್ರಿಯಿಡೀ ಹಾಗೆಯೇ ಬಿಟ್ಟ ಎರಡು ಸ್ಕ್ರೀನಲ್ಲಿ ಮಾತ್ರ ತಾರೀಕು ತಿರುಗಿಯೇ ಇತ್ತು, ಬೆಳಿಗ್ಗೆ ನಾನೇ ಹೋಗಿ ಸೈನ್ ಆಫ್ ಮಾಡಿಸಿದೆ. ಎರಡು ಕಂಟೇನರೂ ಮೂರು ಗಂಟೆಗೆ ಗೇಟ್ ದಾಟಿದವು. ಹಳೆ 520 ಆನ್ ಮಾಡಿ ಪಟ್ಟಿ ಪ್ರಿಂಟ್ ತೆಗೆದಿದ್ದೇನೆ, ಅರ್ಧ ಟಿಕ್ ಹಾಕಿ ಆಯ್ತು, ಕ್ಯೂಸಿಸಿಎಸ್‌ಐಡಿ ಎರಡರಲ್ಲೂ 65535 ಉಂಟು. ಉಳಿದದ್ದು ನಾಳೆ.